ಲಿಪಿಕಾರನ ತಪ್ಪು, ಕವಿಯ ಪ್ರಾಸ



ತಾಡೋಲೆಯ ಒಂದು ಕಟ್ಟು ನಿಮ್ಮ ಕೈಗೆ ಬಂತು ಎಂದಿಟ್ಟುಕೊಳ್ಳಿ. ಬೀಳಗಿ, ಜಮಖಂಡಿ, ಮುಧೋಳ ಸೀಮೆಯ ಮಠಗಳಲ್ಲಿ, ರಬಕವಿ-ಬನಹಟ್ಟಿಯಂಥ ಊರುಗಳ ಹಳೆಯ ಮನೆಗಳ ದೇವರ ಜಗಲಿಯ ಮೇಲೆ ಇಂಥ ಕಟ್ಟುಗಳು ಅರಿವೆ ಸುತ್ತಿಸಿಕೊಂಡು ಕೂತಿರುತ್ತವೆ. ಓದುವವರು ಇಲ್ಲದಿದ್ದರೂ ಪೂಜೆ ತಪ್ಪುವುದಿಲ್ಲ. ದಾರ ಬಿಚ್ಚಿ ಕೊನೆಯ ಗರಿ ನೋಡಿದರೆ ಬರೆದವನ ಹೆಸರು, ಊರು, ಆಮೇಲೆ ತಿಥಿ, ವಾರ, ಸಂವತ್ಸರ. ಸಂವತ್ಸರ ಸೌಮ್ಯ. ಶಕವರ್ಷದ ಅಂಕಿ ಮಾತ್ರ ಇಲ್ಲ. ಬರೆದವನಿಗೆ ಅದು ಬೇಕಿರಲಿಲ್ಲ. ಅವನ ಸುತ್ತಲಿನವರಿಗೆಲ್ಲ ಯಾವ ಸೌಮ್ಯ ಎಂದು ಗೊತ್ತಿತ್ತು. ನಮಗೆ ಗೊತ್ತಿಲ್ಲ. ಸಂವತ್ಸರಗಳು ಅರವತ್ತು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. 1909ರಲ್ಲಿ ಸೌಮ್ಯ, 1849ರಲ್ಲಿ ಸೌಮ್ಯ, 1789ರಲ್ಲಿ, 1729ರಲ್ಲಿ, 1669ರಲ್ಲಿಯೂ ಸೌಮ್ಯ. ತಿಥಿ ಮತ್ತು ವಾರ ಎರಡೂ ಕೂಡಿಬರುವ ವರ್ಷ ಯಾವುದೆಂದು ಪಂಚಾಂಗದ ಲೆಕ್ಕ ಹಾಕಬಹುದು. ಆದರೆ ಎಷ್ಟೋ ಗರಿಗಳಲ್ಲಿ ವಾರವೇ ಮುರಿದುಹೋಗಿರುತ್ತದೆ, ಇಲ್ಲವೆ ಹುಳು ತಿಂದಿರುತ್ತದೆ.

ಇಂಥ ಹೊತ್ತಿನಲ್ಲಿ ವಿದ್ವಾಂಸರು ಆ ಗ್ರಂಥ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಅದನ್ನು ಹೇಗೆ ಬರೆದಿದ್ದಾರೆ ಎಂದು ನೋಡತೊಡಗುತ್ತಾರೆ. ಯಾವ ಕಡೆ ಸೊನ್ನೆ ಇಟ್ಟಿದ್ದಾರೆ, ಯಾವ ಕಡೆ ಒತ್ತಕ್ಷರ ಕೊಟ್ಟಿದ್ದಾರೆ, ಯಾವ ಅಕ್ಷರ ಬಿಟ್ಟಿದ್ದಾರೆ, ಎಲ್ಲಿ ತಪ್ಪಿದ್ದಾರೆ. ಮಾಸ್ತರರು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಕಾಗುಣಿತದ ತಪ್ಪೇ ಇಲ್ಲಿ ಸಾಕ್ಷಿ. ಇವತ್ತಿನ ಮಾತು ಆ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದರ ಬಗ್ಗೆ.

ಈ ವಿದ್ಯೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮೊದಲು ಹೊರನಾಡಿನ ಒಂದು ಪ್ರಸಂಗ ಹೇಳುತ್ತೇನೆ. ಚಾರ್ಲ್ಸ್ ಡಾರ್ವಿನ್ ಬೀಗಲ್ ಎಂಬ ಹಡಗಿನಲ್ಲಿ 1831ರ ಡಿಸೆಂಬರಿನಿಂದ 1836ರ ಅಕ್ಟೋಬರಿನವರೆಗೆ ಲೋಕ ಸುತ್ತಿದ. 1835ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಗಲಾಪಗೋಸ್ ದ್ವೀಪಗಳಲ್ಲಿದ್ದ. ಅಲ್ಲಿಯ ಹಕ್ಕಿಗಳನ್ನು ಕುರಿತು ಆತ ಬರೆದ ಟಿಪ್ಪಣಿಗಳಲ್ಲಿ ಒಂದು ಮಹತ್ವದ ಮಾತಿದೆ: ಒಂದೊಂದು ದ್ವೀಪದಲ್ಲಿ ಒಂದೊಂದು ಬಗೆಯ ಹಕ್ಕಿ ಇರುವುದು ನಿಜವಾದರೆ, ಜೀವಜಾತಿಗಳು ಬದಲಾಗುವುದೇ ಇಲ್ಲ ಎಂಬ ನಂಬಿಕೆಗೇ ಪೆಟ್ಟು ಬೀಳುತ್ತದೆ ಎಂಬ ಅರ್ಥದ್ದು. ಈ ಸಂಶಯ ಅವನಿಗೆ ಯಾವಾಗ ಹುಟ್ಟಿತು? ದ್ವೀಪದಲ್ಲಿ ನಿಂತು ಹಕ್ಕಿ ನೋಡುವಾಗಲೇ ಹೊಳೆಯಿತು ಎಂಬುದು ಕೇಳಲು ಚೆಂದವಾದ ಕಥೆ. ಆದರೆ ಆ ಟಿಪ್ಪಣಿಗಳಿಗೆ ತಾರೀಖಿಲ್ಲ.

ಅಮೆರಿಕದ ವಿಜ್ಞಾನ ಚರಿತ್ರಕಾರ ಫ್ರಾಂಕ್ ಸಲೋವೆ 1982-83ರಲ್ಲಿ ಈ ಗಂಟನ್ನು ಬಿಡಿಸಲು ಹಿಡಿದದ್ದು ಡಾರ್ವಿನ್ನನ ಕಾಗುಣಿತವನ್ನು. ಡಾರ್ವಿನ್ ಕಾಗುಣಿತದಲ್ಲಿ ಗಟ್ಟಿಗನಲ್ಲ. 'ಅಕೇಷನ್' ಎಂಬ ಪದಕ್ಕೆ 'ಎಸ್' ಒಂದೇ ಸಾಕು. ಆತ ಎರಡು ಹಾಕುವ ಚಾಳಿಯವನು. ಇಂಥವೇ ಇನ್ನಷ್ಟು ಪದಗಳಿದ್ದವು. ಪಯಣದ ನಡುವೆ ಈ ಚಾಳಿಗಳು ಒಂದೊಂದಾಗಿ ಬದಲಾದವು. ಯಾವಾಗ ಬದಲಾದವು ಎಂಬುದು ಅವನ ದಿನಚರಿ ಮತ್ತು ಮನೆಗೆ ಬರೆದ ಪತ್ರಗಳಿಂದ ಗೊತ್ತಾಗುತ್ತದೆ, ಯಾಕೆಂದರೆ ಅವಕ್ಕೆ ತಾರೀಖಿದೆ. ಆ ಅಳತೆಯನ್ನು ತಾರೀಖಿಲ್ಲದ ಟಿಪ್ಪಣಿಗಳ ಮೇಲೆ ಇಟ್ಟು ನೋಡಿದಾಗ, ಹಕ್ಕಿಗಳ ಮಾತು ಬರೆದದ್ದು ದ್ವೀಪ ಬಿಟ್ಟ ಎಂಟು-ಒಂಬತ್ತು ತಿಂಗಳ ಮೇಲೆ, 1836ರ ನಡುವಿನಲ್ಲಿ, ಆಫ್ರಿಕದ ತುದಿಯನ್ನು ದಾಟಿ ಹಡಗು ಊರ ಕಡೆ ತಿರುಗಿದ ಮೇಲೆ ಎಂದು ಕಂಡಿತು. ಹೊಳಹು ಅಲ್ಲೇ ಹುಟ್ಟಿತೆಂಬ ಕಥೆಯನ್ನು ಒಂದು ಹೆಚ್ಚಿನ 'ಎಸ್' ಅಲುಗಾಡಿಸಿತು.

ಈ ಪ್ರಸಂಗದಲ್ಲಿ ಎರಡು ಅನುಕೂಲಗಳಿದ್ದವು. ಒಂದು, ಕಾಗದ ಡಾರ್ವಿನ್ನನ ಸ್ವಂತ ಕೈಬರಹ. ಎರಡು, ತಾರೀಖಿರುವ ಬರಹ ಪಕ್ಕದಲ್ಲೇ ಬೇಕಾದಷ್ಟು ಇತ್ತು. ನಮ್ಮ ಮುಧೋಳದ ಕವಿ ರನ್ನನ ಕಡೆ ತಿರುಗಿದರೆ ಮೊದಲನೆಯದು ಪೂರಾ ಇಲ್ಲ. ಎರಡನೆಯದು ಕಲ್ಲಿನ ಮೇಲಿದೆ.

ರನ್ನ ಹುಟ್ಟಿದ್ದು ಮುದುವೊೞಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ. ಬಳೆಗಾರರ ಮನೆ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಹುಟ್ಟಿದ ವರ್ಷ 949. ಅದೂ ಸೌಮ್ಯ ಸಂವತ್ಸರವೇ! ತನ್ನ ನಾಡಿನ ಗುರುತು ಹೇಳುವಾಗ ಜಂಬುಖಂಡಿ ಎಪ್ಪತ್ತರ ಹೆಸರನ್ನೂ ತರುತ್ತಾನೆ, ಜಮಖಂಡಿಯವರು ಸಂತೋಷಪಡಬಹುದು. ಅಜಿತಪುರಾಣವನ್ನು ಮುಗಿಸಿದ್ದು ಶಕ 915ರ ವಿಜಯ ಸಂವತ್ಸರದಲ್ಲಿ, ಕ್ರಿಸ್ತಶಕ 993ರಲ್ಲಿ. ಬರೆಯಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಹೆಸರಾದವಳು ಇವಳೇ. ಈ ಸಾವಿರದ ಸಂಖ್ಯೆಯ ಮುಂದೆ ನಾವು ಬರೀ ಭಕ್ತಿಯಿಂದ ಕೈ ಮುಗಿಯುತ್ತೇವೆ. ಗ್ರಂಥಸಂಪಾದಕನಿಗೆ ಅದರ ಜೊತೆಗೆ ಒಂದು ಚಿಂತೆಯೂ ಹುಟ್ಟುತ್ತದೆ. ಸಾವಿರ ಪ್ರತಿ ಎಂದರೆ ಎಷ್ಟು ಜನ ಬರೆಯುವವರು! ಒಬ್ಬೊಬ್ಬನ ಬಾಯಿ ಒಂದೊಂದು, ಕೈ ಒಂದೊಂದು, ಕಲಿತ ಮಠ ಒಂದೊಂದು. ಕವಿ ಒಂದು ಬಗೆಯಲ್ಲಿ ಬರೆದ, ಇವರು ಹತ್ತು ಬಗೆಯಲ್ಲಿ ಇಳಿಸಿದರು.

ಮೇಲಾಗಿ ನಮ್ಮ ಹವೆಯಲ್ಲಿ ತಾಡೋಲೆ ಮುನ್ನೂರು-ನಾನೂರು ವರ್ಷ ಬಾಳಿದರೆ ದೊಡ್ಡದು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ಧವಳಾ ಗ್ರಂಥದ ಹನ್ನೆರಡನೆಯ ಶತಮಾನದ ಗರಿಗಳು ಉಳಿದಿರುವುದನ್ನು ಪವಾಡ ಎಂದೇ ಹೇಳಬೇಕು. ಆ ಗ್ರಂಥದ ಭಾಷೆಯೋ ಪ್ರಾಕೃತ, ಕನ್ನಡದ ಕಾಗುಣಿತಕ್ಕೆ ಅದು ಸಾಕ್ಷಿಯಾಗದು. ಉಳಿದದ್ದೆಲ್ಲ ಪ್ರತಿಯ ಪ್ರತಿ, ಅದರ ಪ್ರತಿ. ರನ್ನನ ಕೈಯದು ಎಂದು ಹೇಳಬಹುದಾದದ್ದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲಿರುವ 'ಕವಿರತ್ನ' ಎಂಬ ಬರಹ ಒಂದೇ. ಅದು ಕವಿಯೇ ಕೆತ್ತಿದ ರುಜು ಎಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ನಾಲ್ಕೈದು ಅಕ್ಷರದಿಂದ ಒಬ್ಬನ ಕಾಗುಣಿತದ ಚಾಳಿ ತಿಳಿಯುವುದು ಸಾಧ್ಯವಿಲ್ಲ.

ಹಾಗಾದರೆ ಕವಿಯ ಕಾಲದ ಕಾಗುಣಿತ ನಮಗೆ ತಿಳಿಯುವುದು ಎಲ್ಲಿಂದ? ಕಲ್ಲಿನಿಂದ. ಶಾಸನಕ್ಕೆ ಪ್ರತಿ ಮಾಡುವ ಲಿಪಿಕಾರನಿಲ್ಲ. ಕೆತ್ತಿದ ದಿನದ ಬರಹ ಹಾಗೇ ನಿಂತಿರುತ್ತದೆ, ಬಹಳ ಸಲ ಶಕವರ್ಷದ ಸಮೇತ. ಈ ವಿಷಯದಲ್ಲಿ ನಮ್ಮ ಸೀಮೆ ಭಾಗ್ಯವಂತ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಕಾಲದ, 578ರ ಹೊತ್ತಿನ ಕನ್ನಡವಿದೆ. ಅಲ್ಲಿಂದ ಪಟ್ಟದಕಲ್ಲು, ಐಹೊಳೆ, ಮುಂದೆ ಲಕ್ಕುಂಡಿ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯ 1007ರ ಶಾಸನವೇ ಇದೆ. ಮುಂಬಯಿ ಪ್ರಾಂತದ ಅಧಿಕಾರಿಯಾಗಿ ಈ ಕಡೆ ಕೆಲಸ ಮಾಡಿದ ಜೆ. ಎಫ್. ಫ್ಲೀಟ್ ಇಂಥ ಹಲವು ಶಾಸನಗಳನ್ನು ಹುಡುಕಿ ಓದಿ ಅಚ್ಚಿಗೆ ಕೊಟ್ಟರು. ಮುಧೋಳ ಸೀಮೆಯ ಹಲಗಲಿಯ ಬೇಡರ ಲಾವಣಿಯನ್ನು ಬರೆದಿಟ್ಟವರೂ ಇವರೇ. ಮುಂದೆ ಎ. ಎನ್. ನರಸಿಂಹಯ್ಯನವರು ಆರು-ಏಳನೆಯ ಶತಮಾನದ ಶಾಸನಗಳ ವ್ಯಾಕರಣವನ್ನು 1941ರಲ್ಲಿಯೂ, ಜಿ. ಎಸ್. ಗಾಯಿಯವರು ಎಂಟು, ಒಂಬತ್ತು, ಹತ್ತನೆಯ ಶತಮಾನಗಳದನ್ನು 1946ರಲ್ಲಿಯೂ ಪ್ರಕಟಿಸಿದರು. ಡಾರ್ವಿನ್ನನ ದಿನಚರಿ ಅಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಈ ಕಲ್ಲುಗಳು ಮಾಡುತ್ತವೆ.

ಕಲ್ಲು ತೋರಿಸುವ ಬದಲಾವಣೆಗಳಲ್ಲಿ ಮೂರನ್ನು ಹೇಳುತ್ತೇನೆ. ಸಲೀಸಾದದ್ದು ಪಕಾರ ಹಕಾರವಾದದ್ದು: ಪಾಲು ಹಾಲಾಯಿತು, ಪೂವು ಹೂವಾಯಿತು, ಪೊಲ ಹೊಲವಾಯಿತು. ಹತ್ತನೆಯ ಶತಮಾನದ ಹೊತ್ತಿಗೆ ಇದು ತಲೆಹಾಕಿ, ಮುಂದಿನ ಮೂರು-ನಾಲ್ಕು ಶತಮಾನಗಳಲ್ಲಿ ಪೂರ್ತಿ ಗೆದ್ದುಕೊಂಡಿತು.

ಇನ್ನೆರಡು, ನಾವು ಕಳೆದುಕೊಂಡ ಎರಡು ಅಕ್ಷರಗಳ ಕಥೆ. ಒಂದು ಱ, ಶಕಟರೇಫ ಎಂದು ಪಂಡಿತರು ಕರೆಯುತ್ತಿದ್ದ ಗಡುಸಾದ ರಕಾರ. ಇನ್ನೊಂದು ೞ, ರೞ ಎನ್ನುತ್ತಿದ್ದರು. ತಮಿಳರು ತಮ್ಮ ಭಾಷೆಯ ಹೆಸರು ಹೇಳುವಾಗ ಕೊನೆಗೆ ನಾಲಗೆ ಮಡಚಿ ಒಂದು ಸದ್ದು ಮಾಡುತ್ತಾರಲ್ಲ, ಅದು. ಬಾನುಲಿಯಲ್ಲಿ ಇದೊಂದು ಪೇಚು: ನಾನು ಇವನ್ನು ಉಚ್ಚರಿಸಿದರೂ ನಮ್ಮ ಕಿವಿಗೆ ಈಗ ಅಭ್ಯಾಸವಿಲ್ಲ. ಅರ್ಥದ ಮೂಲಕ ಹೇಳುತ್ತೇನೆ. 'ಅರಿ' ಎಂದು ಸಾದಾ ರಕಾರದಲ್ಲಿ ಬರೆದರೆ ಕತ್ತರಿಸು. ಶಕಟರೇಫದಲ್ಲಿ 'ಅಱಿ' ಎಂದು ಬರೆದರೆ ತಿಳಿ. 'ಕರೆ' ಎಂದರೆ ಕೂಗು. 'ಕಱೆ' ಎಂದರೆ ಹಾಲು ಹಿಂಡು. 'ಬಾಳ್' ಎಂದರೆ ಕತ್ತಿ; 'ಬಾೞ್' ಎಂದರೆ ಬದುಕು. ರನ್ನನ ಕಾಲದ ಬರಹದಲ್ಲಿ ಇವು ಬೇರೆ ಬೇರೆ ಪದಗಳು. ನಮಗೆ ಎಮ್ಮೆ ಕರೆಯುವುದಕ್ಕೂ ಮಗನನ್ನು ಕರೆಯುವುದಕ್ಕೂ ಒಂದೇ ಕಾಗುಣಿತ.

ೞ ಹೋದ ದಾರಿ ಇನ್ನೂ ಸ್ವಾರಸ್ಯದ್ದು. ಸ್ವರದ ಮುಂದೆ ಅದು ಳ ಆಯಿತು: ಏೞು ಏಳು, ಕೋೞಿ ಕೋಳಿ, ಬಾೞೆ ಬಾಳೆ. ವ್ಯಂಜನದ ಮುಂದೆ ಮೊದಲು ರಕಾರವಾಗಿ, ಆಮೇಲೆ ಮುಂದಿನ ಅಕ್ಷರದಲ್ಲಿ ಕರಗಿತು. ಬಿೞ್ದು ಎಂಬುದು ಬಿರ್ದು ಆಗಿ ಬಿದ್ದು ಆಯಿತು. ಪೊೞ್ತು ಪೊರ್ತಾಗಿ ಹೊತ್ತಾಯಿತು. ಕೞ್ತೆ ಕರ್ತೆಯಾಗಿ ಕತ್ತೆಯಾಯಿತು. ಅಂದರೆ ಒಂದು ಓಲೆಯಲ್ಲಿ ನಿಮಗೆ 'ಕೞ್ತೆ' ಕಾಣುತ್ತದೋ, 'ಕರ್ತೆ' ಕಾಣುತ್ತದೋ, 'ಕತ್ತೆ' ಕಾಣುತ್ತದೋ ಎಂಬುದು ಮುಖ್ಯ. ಕತ್ತೆ ಹೊತ್ತು ಹೇಳುತ್ತದೆ ಎಂದರೆ ನಗಬೇಡಿ, ಅದು ನಿಜ.

ಆದರೆ ಯಾರ ಹೊತ್ತು? ಇಡೀ ವಿಷಯದ ತಿರುಳು ಇಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಬರೆದ, ರನ್ನನ ಗದಾಯುದ್ಧದ ಒಂದು ಪ್ರತಿಯಲ್ಲಿ 'ಕತ್ತೆ' ಎಂಬಂಥ ರೂಪ ಬಂದರೆ ಅದು ಲಿಪಿಕಾರನ ಕಾಲವನ್ನು ಹೇಳಿತೇ ಹೊರತು ರನ್ನನ ಕಾಲವನ್ನಲ್ಲ. ಕಾಗುಣಿತ ಯಾವಾಗಲೂ ಬರೆದ ಕೈಯ ಕಾಲವನ್ನು ಹೇಳುತ್ತದೆ. ಕೈ ಕವಿಯದೇ ಆಗಿದ್ದರೆ ಕೃತಿಯ ಕಾಲ ಸಿಕ್ಕಿತು. ಅಲ್ಲದಿದ್ದರೆ ಪ್ರತಿಯ ಕಾಲ ಸಿಕ್ಕಿತು, ಅಷ್ಟೇ. ಹೊಸದಾಗಿ ಸಂಶೋಧನೆಗೆ ಇಳಿದವರು ಎಡವುವುದೂ ಇಲ್ಲೇ. ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ಇಷ್ಟಾದ ಮೇಲೆ ರನ್ನನ ಕಾಗುಣಿತ ನಮಗೆ ಎಂದಿಗೂ ಸಿಕ್ಕದು ಎಂದು ಕೈ ಚೆಲ್ಲಬೇಕೆ? ಇಲ್ಲ. ಕನ್ನಡ ಕಾವ್ಯದಲ್ಲಿ ಲಿಪಿಕಾರನ ಕೈಗೆ ಸಿಗದ ಒಂದು ಕೀಲಿ ಇದೆ. ಅದೇ ಪ್ರಾಸ.

ಹಳಗನ್ನಡದ ಪದ್ಯದಲ್ಲಿ ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಕಂದ ಬರೆಯಲಿ, ವೃತ್ತ ಬರೆಯಲಿ, ಇದು ಕಟ್ಟಾಜ್ಞೆ. ಸಂಸ್ಕೃತಕ್ಕೆ ಈ ನಿರ್ಬಂಧವಿಲ್ಲ, ನಮಗಿದೆ. ಒಂದು ಪದ್ಯದ ನಾಲ್ಕು ಸಾಲುಗಳು ಅಱಿ, ಮಱೆ, ತೆಱೆ, ಕುಱಿ ಎಂಬ ಪದಗಳಿಂದ ಶುರುವಾಗುತ್ತವೆ ಎನ್ನಿ. ತಿಳಿ, ಮರೆತುಬಿಡು, ಬಾಗಿಲು ತೆರೆ, ಹಟ್ಟಿಯ ಕುರಿ. ನಾಲ್ಕರಲ್ಲೂ ಶಕಟರೇಫವೇ. ಕಿವಿ ಸೂಕ್ಷ್ಮವಾಗಿರುವ ಕವಿ ಈ ಗುಂಪಿಗೆ 'ಮರ'ವನ್ನು ತರುವುದಿಲ್ಲ, 'ಬರು'ವನ್ನು ತರುವುದಿಲ್ಲ, 'ಇರು'ವನ್ನು ತರುವುದಿಲ್ಲ. ಅವು ಸಾದಾ ರಕಾರದವು. ಈಗ ಐನೂರು ವರ್ಷದ ಮೇಲೆ ಒಬ್ಬ ಲಿಪಿಕಾರ ಬಂದ. ಅವನಿಗೆ ಎರಡು ರಕಾರದ ಭೇದ ಗೊತ್ತಿಲ್ಲ. ನಾಲ್ಕನ್ನೂ ಸಾದಾ ರಕಾರದಲ್ಲಿ ಬರೆದುಬಿಟ್ಟ. ಕಣ್ಣಿಗೆ ಕಾಣುವ ಕಾಗುಣಿತ ಪೂರ್ತಿ ಅಳಿಸಿಹೋಯಿತು. ಆದರೆ ಪದಗಳ ಆಯ್ಕೆ ಉಳಿಯಿತಲ್ಲ! ನಾಲ್ಕು ಸಾಲಿನ ನಾಲ್ಕು ಪದಗಳೂ ಮೂಲದಲ್ಲಿ ಒಂದೇ ಬಗೆಯ ರಕಾರದವು ಎಂಬುದನ್ನು ಶಾಸನ ಮತ್ತು ನಿಘಂಟು ಹಿಡಿದು ನಾವು ಪರೀಕ್ಷಿಸಬಹುದು. ಅಂಥ ನೂರಾರು ಪದ್ಯಗಳಲ್ಲಿ ಬೆರಕೆಯಾಗದಿದ್ದರೆ, ಅಥವಾ ಬೆರಕೆ ತೀರ ವಿರಳವಾಗಿದ್ದರೆ, ಈ ಕವಿಯ ಕಿವಿಯಲ್ಲಿ ಎರಡೂ ಬೇರೆಯಾಗಿದ್ದವು ಎಂದಾಯಿತು. ಎಲ್ಲೆಲ್ಲೂ ಬೆರೆತಿದ್ದರೆ, ಅವನ ಕಾಲಕ್ಕೆ ಭೇದ ಸತ್ತಿತ್ತು.

ಇದೇ ಪರೀಕ್ಷೆಯನ್ನು ೞಕಾರಕ್ಕೂ ಮಾಡಬಹುದು. ಬಾೞ್, ತಾೞ್, ಪಾೞ್, ಏೞ್ ಎಂಬವು ಒಂದು ಪದ್ಯದಲ್ಲಿ ಕೂಡಿ ನಡೆಯುತ್ತವೆಯೋ, ಅಥವಾ ನಡುವೆ ಬಾಳ್, ಕೇಳ್ ನುಸುಳಿವೆಯೋ? ಲಿಪಿಕಾರ ಎಲ್ಲಕ್ಕೂ ಳಕಾರ ಹಾಕಿದ್ದರೂ ಚಿಂತೆಯಿಲ್ಲ. ಅವನು ಅಕ್ಷರ ಬದಲಿಸಿದ. ಪದ ಬದಲಿಸಲು ಅವನಿಂದಾಗಲಿಲ್ಲ, ಯಾಕೆಂದರೆ ಪದ ಬದಲಿಸಿದರೆ ಛಂದಸ್ಸು ಕೆಡುತ್ತದೆ, ಅರ್ಥ ಕೆಡುತ್ತದೆ. ರನ್ನನೇ ಗರಿಯ ಮೇಲೆ ಏನು ಗೀಚಿದ್ದ ಎಂಬುದು ನಮ್ಮ ಕಣ್ಣಿಗೆ ಬೀಳದಿದ್ದರೂ ಅವನು ಏನನ್ನು ಕೇಳಿಸಿಕೊಳ್ಳುತ್ತಿದ್ದ ಎಂಬುದು ಹೀಗೆ ಸಾವಿರ ವರ್ಷ ದಾಟಿ ಬರುತ್ತದೆ. ನಮ್ಮ ಛಂದಶ್ಶಾಸ್ತ್ರವನ್ನು ಬರೀ ಸಂಕೋಲೆ ಎಂದು ಬಯ್ಯುವವರು ಈ ಒಂದು ಉಪಕಾರಕ್ಕಾದರೂ ಅದನ್ನು ಕ್ಷಮಿಸಬೇಕು ಎಂದು ನನ್ನ ಅಭಿಪ್ರಾಯ.

ರನ್ನನ ಮುಂದಿನ ಕವಿಗಳಾದ ಹರಿಹರ, ರಾಘವಾಂಕರ ಹೊತ್ತಿಗೆ ಈ ಕಟ್ಟು ಸಡಿಲವಾಗಿತ್ತು. ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ರೞ, ಕುಳ, ಕ್ಷಳ ಎಂದು ಳಕಾರದ ಜಾತಿಗಳನ್ನು ಬಿಡಿಸಿ, ೞ ಬರುವ ಪದಗಳು ಇಂಥಿಂಥವು ಎಂದು ಎಣಿಸಿ ಹೇಳುತ್ತಾನೆ. ವ್ಯಾಕರಣಕಾರ ಪಟ್ಟಿ ಕೊಡುತ್ತಾನೆಂದರೆ ಜನ ಮರೆತಿದ್ದಾರೆ ಎಂದು ಅರ್ಥ. ಬಾಯಲ್ಲಿ ಭೇದ ಇದ್ದಾಗ ಪಟ್ಟಿ ಯಾರಿಗೂ ಬೇಕಿಲ್ಲ. 'ಮನೆ'ಗೆ ನಕಾರ, 'ಮಣೆ'ಗೆ ಣಕಾರ ಎಂದು ನಾವು ಪಟ್ಟಿ ಮಾಡಿ ಕಲಿಯುತ್ತೇವೆಯೇ?

ಪಟ್ಟಿಯಿಂದ ಕಲಿತವರು ಇನ್ನೊಂದು ಬಗೆಯ ತಪ್ಪು ಮಾಡುತ್ತಾರೆ. ಹಳೆಯದಾಗಿ ಕಾಣಲಿ, ಪಂಡಿತರ ಬರಹದಂತೆ ಕಾಣಲಿ ಎಂದು ೞ ಬೇಡದ ಕಡೆಯಲ್ಲೂ ೞ ಹಾಕಿಬಿಡುತ್ತಾರೆ. ಕೇಳು ಎಂಬುದನ್ನು 'ಕೇೞು' ಎಂದು ಬರೆದ ಓಲೆ ಸಿಕ್ಕರೆ, ಅದು ಹಳೆಯ ಅಕ್ಷರ ಇದೆಯೆಂದು ಹಳೆಯದಾಗುವುದಿಲ್ಲ. ಅದು ಬಹಳ ಈಚಿನದು, ಅಕ್ಷರದ ನೆನಪು ಮಾತ್ರ ಉಳಿದು ಜಾಗ ಮರೆತುಹೋದ ಕಾಲದ್ದು. ಸರಿಯಾಗಿ ಬರೆದವನಿಗಿಂತ ಹೀಗೆ ಅತಿ ಜಾಣತನದಲ್ಲಿ ತಪ್ಪಿದವನೇ ಕಾಲದ ಗುಟ್ಟನ್ನು ಹೆಚ್ಚು ಬಿಟ್ಟುಕೊಡುತ್ತಾನೆ.

ಇಲ್ಲೊಂದು ಮಿತಿಯನ್ನು ಹೇಳಿಬಿಡಬೇಕು. ರನ್ನನ ಗದಾಯುದ್ಧ ಅಜಿತಪುರಾಣಕ್ಕಿಂತ ಮೊದಲಿನದೋ ಆಮೇಲಿನದೋ ಎಂಬ ವಾದ ಬಹಳ ಹಳೆಯದು. ಕವಿ ಭೀಮನ ಜೊತೆ ಸಮೀಕರಿಸುವ ಸತ್ಯಾಶ್ರಯ ಇರಿವಬೆಡಂಗ ಆಗ ಯುವರಾಜನಾಗಿದ್ದನೋ, 997ರಲ್ಲಿ ಪಟ್ಟಕ್ಕೆ ಬಂದು ಅರಸನಾಗಿದ್ದನೋ ಎಂಬುದರ ಮೇಲೆ ಅದು ನಿಂತಿದೆ. ಕಾಗುಣಿತದ ದಾರಿಯಿಂದ ಈ ವಾದವನ್ನು ಮುಗಿಸಲು ಹೊರಡುವುದು ವ್ಯರ್ಥ ಶ್ರಮ ಎಂದು ನಾನು ಭಾವಿಸುತ್ತೇನೆ. ಪ್ರಾಸದ ಪರೀಕ್ಷೆ ಶತಮಾನಗಳನ್ನು ಅಳೆಯುತ್ತದೆ. ಒಬ್ಬ ಕವಿಯ ಹತ್ತು-ಹದಿನೈದು ವರ್ಷಗಳನ್ನು ಅಳೆಯುವಷ್ಟು ಸಣ್ಣ ಗೆರೆಗಳು ಅದರಲ್ಲಿಲ್ಲ. ಡಾರ್ವಿನ್ನನಲ್ಲಿ ತಿಂಗಳು ತಿಂಗಳಾಗಿ ಅಳೆಯಲು ಸಾಧ್ಯವಾದದ್ದು ಅವನ ಕೈಬರಹವೇ ಉಳಿದದ್ದರಿಂದ.

ಪ್ರಾಸವೇ ಇಲ್ಲದ ಬರಹದ ಗತಿ ಏನು? ಈ ಪ್ರಶ್ನೆ ಬನಹಟ್ಟಿಯವರಿಗೆ ಹತ್ತಿರದ್ದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ. ಗು. ಹಳಕಟ್ಟಿಯವರು ಬನಹಟ್ಟಿಯ ಮನೆಯೊಂದರಲ್ಲಿ ತಾಡೋಲೆಗಳನ್ನು ಕಂಡದ್ದು ಅವರ ವಚನಶೋಧನೆಯ ಆರಂಭದ ಕಥೆಗಳಲ್ಲಿ ಒಂದು. ಅಲ್ಲಿಂದ ಹೊರಟ ಆ ವಕೀಲರು ಊರೂರು ಸುತ್ತಿ ಕೂಡಿಸಿದ್ದು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವಾಗಿ ಹೊರಬಂತು. ವಚನಕಾರರು ಹನ್ನೆರಡನೆಯ ಶತಮಾನದವರು. ವಚನಗಳ ಓಲೆಗಳೋ ಬಹುಮಟ್ಟಿಗೆ ಹದಿನೈದನೆಯ ಶತಮಾನ ಮತ್ತು ಅದರ ಈಚಿನವು. ತುಂಬ ಹಕಾರ, ಶಕಟರೇಫ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇದನ್ನು ಹಿಡಿದು ವಚನಗಳೇ ಹದಿನೈದನೆಯ ಶತಮಾನದವು ಎಂದರೆ ಅದು ಕೈಯ ಕಾಲವನ್ನು ಬಾಯಿಗೆ ಅಂಟಿಸಿದಂತೆ. ವಚನಕ್ಕೆ ಆದಿಪ್ರಾಸದ ಕಟ್ಟಿಲ್ಲ, ಅದರಿಂದ ಮೂಲದ ಕಿವಿ ನಮಗೆ ಸಿಕ್ಕದು.

ವಚನಗಳ ಬರಹ ಇಷ್ಟು ಬದಲಾದದ್ದಕ್ಕೆ ಇನ್ನೊಂದು ಕಾರಣವಿದೆ ಎನಿಸುತ್ತದೆ. ಗದಾಯುದ್ಧವನ್ನು ಪ್ರತಿ ಮಾಡಿದವನು ಅರ್ಥವಾಗದ ಪದ ಬಂದಾಗ ಹೆದರಿ, ಇದ್ದಂತೆ ಇಳಿಸಿದ. ವಚನವನ್ನು ಪ್ರತಿ ಮಾಡಿದವನಿಗೆ ಅದು ದಿನಾ ಹೇಳುವ ಮಾತು. ತನ್ನ ಬಾಯಿಗೆ ಬರುವಂತೆ ಬರೆದ. ಹೆಚ್ಚು ಪ್ರೀತಿಸಿದ ಗ್ರಂಥವೇ ಹೆಚ್ಚು ಬದಲಾಗುತ್ತದೆ. ಗದ್ಯದಲ್ಲಿಯೂ ಭಾಷೆ ಹಿಡಿದು ಕಾಲ ಹೇಳಿದ ಉದಾಹರಣೆ ಇಲ್ಲದಿಲ್ಲ. ವಡ್ಡಾರಾಧನೆಯನ್ನು ಹತ್ತನೆಯ ಶತಮಾನದ ಆಸುಪಾಸಿಗೆ ಇಡುವಾಗ ಡಿ. ಎಲ್. ನರಸಿಂಹಾಚಾರ್ಯರು ಅದರ ಪದರೂಪಗಳನ್ನೂ ಶಾಸನದ ರೂಪಗಳನ್ನೂ ಎದುರೆದುರು ಇಟ್ಟು ತೂಗಿದರು. ಆದರೆ ಅದಕ್ಕೆ ಅಂಥ ತಾಳ್ಮೆ ಬೇಕು, ಅಂಥ ಕಿವಿ ಬೇಕು.

ಇಷ್ಟು ಹೊತ್ತು ದೂರದ ಮಾತಾಯಿತು. ನಿಮ್ಮ ಮನೆಯ ಟ್ರಂಕಿನಲ್ಲಿ ಮುತ್ಯಾನ ಪತ್ರಗಳಿರಬಹುದು, ಅಂಗಡಿಯ ಚೋಪಡಿ ಇರಬಹುದು. ಅವು ಸ್ವಂತ ಕೈಬರಹ; ಅಲ್ಲಿ ಡಾರ್ವಿನ್ನನಿಗೆ ಹಚ್ಚಿದ ಅಳತೆಯನ್ನೇ ಹಚ್ಚಬಹುದು. ಜಮಖಂಡಿ, ಮುಧೋಳ ಎರಡೂ ಮರಾಠಿ ದಫ್ತರದ ಸಂಸ್ಥಾನಗಳಾಗಿದ್ದವು, ಬೀಳಗಿ ಮುಂಬಯಿ ಪ್ರಾಂತದ್ದು. ಹಳಬರು 'ಶಾಳೆ' ಎಂದು ಬರೆಯುತ್ತಿದ್ದರು, 'ಜಿಲ್ಹೆ' ಎಂದು ಬರೆಯುತ್ತಿದ್ದರು. 1956ರ ಏಕೀಕರಣದ ಮೇಲೆ ಪಠ್ಯಪುಸ್ತಕ, ಕಚೇರಿಯ ಕಾಗದಗಳ ಜೊತೆ ಮೈಸೂರಿನ 'ಶಾಲೆ', 'ಜಿಲ್ಲೆ' ಬಂದವು. ನಾಡಿನ ಹೆಸರನ್ನೇ ನೋಡಿ. ಆರ್. ನರಸಿಂಹಾಚಾರ್ಯರ ಗ್ರಂಥದ ಮೊದಲ ಸಂಪುಟ 1907ರಲ್ಲಿ ಬಂದಾಗ ಅದು 'ಕರ್ಣಾಟಕ ಕವಿಚರಿತೆ', ಣಕಾರದ್ದು. 1973ರಲ್ಲಿ ರಾಜ್ಯಕ್ಕೆ ಇಟ್ಟ ಹೆಸರು 'ಕರ್ನಾಟಕ', ನಕಾರದ್ದು. ಇನ್ನೂ ಹಳೆಯ ಕಾಗದದಲ್ಲಿ ಅರ್ಕಾವೊತ್ತಿನ ಪಕ್ಕದ ಅಕ್ಷರವನ್ನು ಇಮ್ಮಡಿಸಿ 'ಧರ್ಮ್ಮ', 'ಸರ್ವ್ವ' ಎಂದು ಬರೆದದ್ದು ಸಿಗುತ್ತದೆ. ಕಾಗುಣಿತದ ನೆಂಟರೂ ಕೆಲವರಿದ್ದಾರೆ: ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಈಚಿನದು, 'ನಯೇ ಪೈಸೆ' ಇದ್ದರೆ 1957ರ ಈಚಿನದು, ಬೀಳಗಿಗೆ ಬಾಗಲಕೋಟೆ ಜಿಲ್ಲೆ ಎಂದಿದ್ದರೆ 1997ರ ಈಚಿನದು.

ಗಮನಿಸಿದಿರಾ, ಎಲ್ಲ ಕಡೆಗೂ 'ಈಚಿನದು' ಎಂದೇ ಹೇಳಿದೆ. ಹೊಸ ಗುರುತು ಹುಟ್ಟುವ ಮೊದಲು ಅದನ್ನು ಯಾರೂ ಬರೆಯಲಾರರು; ಅದರಿಂದ ಹೊಸತು ಗಟ್ಟಿ ಸಾಕ್ಷಿ. ಹಳತು ಹಾಗಲ್ಲ. ಬಾಲ್ಯದಲ್ಲಿ 'ಜಿಲ್ಹೆ' ಕಲಿತ ಮುತ್ಯಾ 1980ರಲ್ಲಿಯೂ 'ಜಿಲ್ಹೆ' ಎಂದೇ ಬರೆದಾನು. ಕಚೇರಿಗೆ ಅರ್ಜಿ ಬರೆಯುವಾಗ 'ಶಾಲೆ', ಮಗಳಿಗೆ ಬರೆಯುವಾಗ 'ಸಾಲಿ' ಎಂದು ಒಂದೇ ದಿನ ಎರಡು ಬಗೆಯಲ್ಲಿ ಬರೆಯುವವರೂ ಉಂಟು. ತಮ್ಮ ಕಾಗುಣಿತವನ್ನು ಬೇಕೆಂದೇ ಬದಲಿಸಿಕೊಂಡವರಲ್ಲಿ ಪ್ರಸಿದ್ಧರೆಂದರೆ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು. ಕನ್ನಡದ ಬಾಯಲ್ಲಿ ಇಲ್ಲದ ಮಹಾಪ್ರಾಣ ಬರಹದಲ್ಲಿ ಏಕೆ ಎಂದು ವಾದಿಸಿ, ಈ ಶತಮಾನದಲ್ಲಿ ತಮ್ಮ ಹೆಸರನ್ನೇ 'ಶಂಕರ ಬಟ್' ಎಂದು ಬರೆದುಕೊಂಡರು. ಅವರ ವಾದವನ್ನು ಒಪ್ಪದವರಿಗೂ ಇದು ಅನುಕೂಲವೇ: ಮುಂದೆಂದೋ ಅವರದೊಂದು ತಾರೀಖಿಲ್ಲದ ಬರಹ ಸಿಕ್ಕರೆ, ಮಹಾಪ್ರಾಣ ಇದೆಯೋ ಇಲ್ಲವೋ ನೋಡಿ ಮೊದಲಿನದೋ ಆಮೇಲಿನದೋ ಹೇಳಿಬಿಡಬಹುದು.

ಅಜ್ಜನ ಪತ್ರಗಳನ್ನೋ ಓಲೆಗಳನ್ನೋ ಈಗ ಕಂಪ್ಯೂಟರಿನಲ್ಲಿ ಟೈಪು ಮಾಡಿಸುವವರು ಬಹಳ ಜನ. ಟೈಪು ಮಾಡುವ ಹುಡುಗ 'ಶಾಳೆ'ಯನ್ನು 'ಶಾಲೆ' ಮಾಡಿದರೆ ಅವನೂ ಒಬ್ಬ ಲಿಪಿಕಾರನಾದ. ಮೊದಲು ಚಿತ್ರ ತೆಗೆದಿಟ್ಟುಕೊಳ್ಳಿ, ಆಮೇಲೆ ಇದ್ದಂತೆ ಹೊಡೆಯಲು ಹೇಳಿ. ಱ, ೞ ಎರಡೂ ಕಂಪ್ಯೂಟರಿನ ಯುನಿಕೋಡ್ ಪಟ್ಟಿಯಲ್ಲಿ ಇವೆ. ಆ ಪಟ್ಟಿಯಲ್ಲಿ ೞಕಾರವನ್ನು ಹುಡುಕುವಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಪಟ್ಟಿ ಮಾಡಿದವರು ಈ ಅಕ್ಷರವನ್ನು ಏನೆಂದು ತಿಳಿದರೋ, ಇಂಗ್ಲಿಷಿನಲ್ಲಿ ಅದಕ್ಕೆ 'ಕನ್ನಡ ಲೆಟರ್ ಫ' ಎಂದು ಹೆಸರಿಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅವರ ನಿಯಮ. ಹಾಗಾಗಿ ಪಕ್ಕದಲ್ಲಿ 'ಇದು ತಪ್ಪು ಹೆಸರು' ಎಂಬ ಟಿಪ್ಪಣಿ ಹಾಕಿಕೊಂಡು, ಕೇಶಿರಾಜನ ರೞ ಇಂದಿಗೂ ಅಲ್ಲಿ ಫಕಾರವೆಂದೇ ದಾಖಲಾಗಿದೆ.